ಸಂಪಾದಕರ ಉತ್ತರ: ಭತ್ತ ಯಾರ ಬೆಳೆ?

ಭತ್ತದ ಬೇಸಾಯ ಶುರುವಾದದ್ದು ಚೀನಾದ ಯಾಂಗ್ತ್ಸೆ ನದಿಯ ಕೆಳದಂಡೆಯಲ್ಲಿ ಎಂದು ನಮ್ಮ ಕಳೆದ ಸಂಚಿಕೆಯ ಲೇಖನ ಹೇಳಿತ್ತು. ಅದನ್ನು ಓದಿದ ತೀರ್ಥಹಳ್ಳಿ ಕಡೆಯ ಹಿರಿಯ ಕೃಷಿಕರೊಬ್ಬರು ಹೀಗೆ ಬರೆದಿದ್ದಾರೆ: "ಗಂಗಾ ಬಯಲಿನಲ್ಲಿ ಎಂಟು ಸಾವಿರ ವರ್ಷ ಹಳೆಯ ಅಕ್ಕಿ ಸಿಕ್ಕಿರುವಾಗ ಎಲ್ಲವನ್ನೂ ಚೀನಾದ ಲೆಕ್ಕಕ್ಕೆ ಬರೆಯುವುದೇಕೆ? ಅದು ಹೋಗಲಿ, ನಮ್ಮ ನಾಡಿಗೆ ಅಕ್ಕಿ ಬಂದದ್ದು ಯಾವಾಗ?"

ಮಾನ್ಯರೇ,

ನಿಮ್ಮ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಉತ್ತರ ಪ್ರದೇಶದ ಸಂತ ಕಬೀರ್ ನಗರ ಜಿಲ್ಲೆಯ ಲಹುರಾದೇವದಲ್ಲಿ, ಕೆರೆಯ ಪಕ್ಕದ ದಿಬ್ಬವನ್ನು ರಾಕೇಶ್ ತಿವಾರಿ ಅವರ ತಂಡ ಅಗೆದಾಗ ಸುಟ್ಟು ಕರಿಯಾದ ಅಕ್ಕಿ ದೊರೆಯಿತು. ಅದರ ಕಾಲ ಕ್ರಿ.ಪೂ. 7ನೆಯ ಸಹಸ್ರಮಾನಕ್ಕೆ ಹೋಗುತ್ತದೆ. ಅಲ್ಲಿನವರು ಅಕ್ಕಿ ಉಣ್ಣುತ್ತಿದ್ದರು, ಸಂಶಯವಿಲ್ಲ. ಆದರೆ ಉಣ್ಣುವುದು ಬೇರೆ, ಬಿತ್ತುವುದು ಬೇರೆ, ಬಿತ್ತಿ ಬಿತ್ತಿ ಪೈರಿನ ಗುಣವನ್ನೇ ಬದಲಿಸುವುದು ಇನ್ನೂ ಬೇರೆ. ಕೆರೆಯಂಚಿನಲ್ಲಿ ತಾನಾಗಿ ಬೆಳೆಯುವ ಕಾಡುಭತ್ತವನ್ನು ಕೊಯ್ದು ತರುವುದು ಬೇಸಾಯಕ್ಕಿಂತ ಹಳೆಯದು. ಋಷಿಪಂಚಮಿಯ ದಿನ ನೇಗಿಲು ತಾಗದ ನೆಲದಲ್ಲಿ ಬೆಳೆದದ್ದನ್ನಷ್ಟೇ ತಿನ್ನುವ ವ್ರತ ಇವತ್ತಿಗೂ ಇದೆಯಲ್ಲ, ಅಂಥ ಊಟ ಅದು.

ಹಾಗಾದರೆ ಸಾವಿರಾರು ವರ್ಷ ಮಣ್ಣಲ್ಲಿದ್ದ ಕಾಳು ಕಾಡಿನದೋ ಗದ್ದೆಯದೋ ಎಂದು ಹೇಳುವುದು ಹೇಗೆ? ಕಾಳಿನ ಬುಡ ನೋಡಬೇಕು. ಕಾಡುಭತ್ತ ಬಲಿಯುತ್ತಿದ್ದಂತೆ ತೆನೆಯ ಕಡ್ಡಿಗೂ ಕಾಳಿಗೂ ನಡುವೆ ತೆಳ್ಳನೆಯ ಪದರವೊಂದು ಮೂಡಿ ಕಾಳು ತಾನೇ ಕಳಚಿ ಬೀಳುತ್ತದೆ. ಕಳಚಿದ ಗುರುತು ನುಣ್ಣಗೆ, ದುಂಡಗೆ ಇರುತ್ತದೆ. ಗದ್ದೆಯ ಭತ್ತ ಬಡಿದರೇ ಬಿಡುವುದು. ಬಿಟ್ಟ ಕಡೆ ಹರಿದಂತೆ ಒರಟು. ಇಷ್ಟೆಲ್ಲ ಕಥೆ ಹೇಳುವ ಆ ಬುಡ ಸಾಸಿವೆಗಿಂತ ದೊಡ್ಡದಲ್ಲ, ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ಒಂದೊಂದಾಗಿ ಎಣಿಸಬೇಕು.

ಚೀನಾದ ಝೆಜಿಯಾಂಗ್ ಪ್ರಾಂತ್ಯದ ತಿಯಾನ್‌ಲುವೋಶಾನ್‌ನಲ್ಲಿ ಹಾಗೆಯೇ ಎಣಿಸಿದರು. ನೀರು ನಿಂತ ಜೌಗು ಮಣ್ಣಾದ್ದರಿಂದ ಅಲ್ಲಿ ಏನೂ ಕೊಳೆತಿರಲಿಲ್ಲ. ಹಳೆಯ ಸಸ್ಯಾವಶೇಷಗಳನ್ನು ಅಭ್ಯಸಿಸುವ ಪುರಾತತ್ವಜ್ಞ ಡೋರಿಯನ್ ಫುಲ್ಲರ್ ಮತ್ತು ಅವರ ಚೀನೀ ಸಹೋದ್ಯೋಗಿಗಳು 2,600ಕ್ಕೂ ಹೆಚ್ಚು ಬುಡಗಳನ್ನು ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು 6,900 ವರ್ಷಗಳ ಹಿಂದೆ ಉದುರದ ಜಾತಿಯ ಕಾಳು ಶೇ. 27ರಷ್ಟಿತ್ತು, 300 ವರ್ಷ ಕಳೆಯುವಷ್ಟರಲ್ಲಿ ಶೇ. 39 ಆಯಿತು. ಅದೇ ಅವಧಿಯಲ್ಲಿ, ಅಲ್ಲಿ ಸಿಕ್ಕ ಒಟ್ಟು ಸಸ್ಯಾವಶೇಷಗಳಲ್ಲಿ ಭತ್ತದ ಪಾಲು ಶೇ. 8ರಿಂದ 24ಕ್ಕೆ ಏರಿತು. ಉಳಿದದ್ದರಲ್ಲಿ ಓಕ್ ಮರದ ಕಾಯಿ, ಕೆರೆಯ ಸಿಂಗಾಡ, ಮಖಾನ ಎಲ್ಲ ಇದ್ದವು. ನನಗೆ ಈ ಅಂಕಿಗಳಷ್ಟು ಮನಸ್ಸಿಗೆ ತಟ್ಟುವ ಪುರಾವೆ ಬೇರೊಂದಿಲ್ಲ. ಮುನ್ನೂರು ವರ್ಷ ಎಂದರೆ ಹತ್ತು-ಹನ್ನೆರಡು ತಲೆಮಾರು. ಯಾವ ರೈತನೂ, ಯಾವ ರೈತ ಹೆಂಗಸೂ ತನ್ನ ಆಯುಷ್ಯದಲ್ಲಿ ಆ ಬದಲಾವಣೆ ಕಂಡಿರಲಾರರು. ಕೊಯ್ಲಿನವರೆಗೂ ತೆನೆಯಲ್ಲಿ ನಿಂತ ಕಾಳು ಮನೆಗೆ ಬಂತು, ಅದರಲ್ಲೇ ಮರುವರ್ಷದ ಬಿತ್ತನೆಗೆ ಎತ್ತಿಟ್ಟರು, ಅಷ್ಟೇ. ಅದೇ ಪ್ರಾಂತ್ಯದ ಶಾಂಗ್‌ಶಾನ್‌ನಲ್ಲಿ ಸುಮಾರು 10,000 ವರ್ಷ ಹಿಂದಿನ ಮಡಕೆಗಳ ಜೇಡಿಮಣ್ಣಿಗೆ ಭತ್ತದ ಹೊಟ್ಟು ಬೆರೆಸಿದ್ದಾರೆ. ಅಲ್ಲಿಂದ ತಿಯಾನ್‌ಲುವೋಶಾನ್‌ವರೆಗೆ ಮೂರು ಸಾವಿರ ವರ್ಷ.

ನೀರಿನ ಕೆಲಸ ನಿಮಗೆ ಇನ್ನೂ ಹತ್ತಿರದ್ದು. ಬಹುವಾರ್ಷಿಕ ಕಾಡುಭತ್ತ ಸದಾ ನೀರಲ್ಲಿ ನಿಂತರೆ ಬುಡದಿಂದ ಚಿಗುರುತ್ತಲೇ ಇರುತ್ತದೆ, ತೆನೆ ಕಡಿಮೆ. ನೀರು ಬತ್ತಿದರೆ ಕಾಳು ಕಟ್ಟಲು ಆತುರಪಡುತ್ತದೆ. ಸುಝೌ ಬಳಿಯ ಚಾವೋಶಿಯೇಶಾನ್‌ನಲ್ಲಿ ಸುಮಾರು 6,000 ವರ್ಷ ಹಿಂದಿನ ಗದ್ದೆಗಳು ಸಿಕ್ಕಿವೆ. ಕೆಲವೇ ಚದರ ಮೀಟರಿನ ಗುಂಡಿಗಳು, ನಡುವೆ ಕಾಲುವೆ. ಬೇಕಾದಾಗ ನೀರು ಬಿಟ್ಟು ಬೇಡವಾದಾಗ ಬಸಿಯಲು ಅಷ್ಟು ಚಿಕ್ಕ ಗದ್ದೆಯೇ ಅನುಕೂಲ. ಕೊಯ್ಲಿಗೆ ಮುಂಚೆ ಗದ್ದೆಯ ನೀರು ಕಡಿದು ಹೊರಹಾಕುವ ನಿಮಗೆ ಆ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಇನ್ನು ಗಂಗೆಗೆ ಬರೋಣ. ಕಾಳು ಉದುರದಂತೆ ತಡೆಯುವ ಮುಖ್ಯ ಜೀನ್‌ಗಳಲ್ಲಿ ಒಂದನ್ನು ವಿಜ್ಞಾನಿಗಳು 2006ರಲ್ಲಿ ಗುರುತಿಸಿದರು. ಅದರ ಡಿಎನ್‌ಎ ಬರಹದಲ್ಲಿ ಆದದ್ದು ಒಂದೇ ಅಕ್ಷರದ ಬದಲಾವಣೆ. ಚೀನಾ, ಜಪಾನಿನ ಜಪೋನಿಕಾ ಭತ್ತದಲ್ಲೂ ನಮ್ಮ ಇಂಡಿಕಾದಲ್ಲೂ ಇರುವುದು ಅದೇ ಬದಲಾವಣೆ. ಎರಡು ಕಡೆ ಬೇರೆ ಬೇರೆಯಾಗಿ ಅದೇ ಅಕ್ಷರ ಬದಲಾಗುವ ಸಂಭವ ಕಡಿಮೆ. ಹೀಗಾಗಿ ಗಂಗಾ ಬಯಲಿನವರು ತಮ್ಮದೇ ಭತ್ತವನ್ನು ಬಹುಕಾಲದಿಂದ ಬಿತ್ತುತ್ತಿದ್ದರು, ಸುಮಾರು 4,000 ವರ್ಷಗಳ ಹಿಂದೆ ಪೂರ್ವದಿಂದ ಬಂದ ತಳಿ ಅದರೊಡನೆ ಬೆರೆತು ಇಂಡಿಕಾ ಆಯಿತು ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಭಾರತದಲ್ಲೇ ಸ್ವತಂತ್ರವಾಗಿ ಪಳಗಿತು ಎನ್ನುವವರೂ ಇದ್ದಾರೆ. ನನ್ನ ಒಲವು ಮೊದಲಿನ ವಾದದ ಕಡೆಗೆ. ಅದರಲ್ಲಿ ನಮಗೇನೂ ನಷ್ಟವಿಲ್ಲ: ಇಂಡಿಕಾದ ವಂಶವಾಹಿಯ ಬಹುಪಾಲು ಇಲ್ಲಿನ ಕಾಡುಭತ್ತದ್ದೇ. ಹರಿಯಾಣದ ಮಸೂದ್‌ಪುರದಲ್ಲಿ ಸಿಂಧೂ ನಾಗರಿಕತೆಯ ಜನ ಕ್ರಿ.ಪೂ. 2400ರ ಸುಮಾರಿಗೇ ಅಕ್ಕಿ ಬಳಸುತ್ತಿದ್ದರು.

ನಮ್ಮ ನಾಡಿನ ಉತ್ತರ ನಿಮಗೆ ರುಚಿಸಲಿಕ್ಕಿಲ್ಲ. ಬಳ್ಳಾರಿಯ ಸಂಗನಕಲ್ಲು, ತೆಕ್ಕಲಕೋಟೆ, ತುಂಗಭದ್ರೆಯ ದಂಡೆಯ ಹಳ್ಳೂರಿನಂಥ ನವಶಿಲಾಯುಗದ ಊರುಗಳಲ್ಲಿ ದನ ಸಾಕಿದ ಜನ ಕಲ್ಲಲ್ಲಿ ಅರೆದದ್ದು, ಬೇಯಿಸಿದ್ದು ಹೆಚ್ಚಾಗಿ ಕೊರಲೆ ಎಂಬ ಕಿರುಧಾನ್ಯ, ನವಣೆಯ ಕಾಡುಬಂಧುವಾದ ಇನ್ನೊಂದು ಕಿರುಧಾನ್ಯ, ಹುರುಳಿ ಮತ್ತು ಹೆಸರುಕಾಳು. ಮಳೆ ನಂಬಿದ ಕೆಂಪು ನೆಲಕ್ಕೆ ತಕ್ಕ ಆಹಾರ ಅದು, ಸಾವಿರ ವರ್ಷಕ್ಕೂ ಮೀರಿ ಊರೂರನ್ನು ಸಾಕಿತು. ಕೊರಲೆಯನ್ನು ತುಮಕೂರು, ಚಿತ್ರದುರ್ಗದ ಕಡೆ ಈಗಲೂ ಬೆಳೆಯುತ್ತಾರೆ. ದಕ್ಷಿಣದ ಒಣನಾಡಿನಲ್ಲಿ ಅಕ್ಕಿ ಕಾಣಿಸಿಕೊಳ್ಳುವುದು ಅದಾದ ಮೇಲೆ, ಕಬ್ಬಿಣದ ಕಾಲದಲ್ಲಿ. ತಮಿಳುನಾಡಿನ ಪೊರುಂತಲ್‌ನಲ್ಲಿ ಸಮಾಧಿಯೊಂದರ ನಾಲ್ಕು ಕಾಲಿನ ಜಾಡಿಯಲ್ಲಿ ಸುಮಾರು ಎರಡು ಕಿಲೋ ಭತ್ತ ಸಿಕ್ಕಿತು; ಕಾಲ ಕ್ರಿ.ಪೂ. 490. ಸತ್ತವರ ಜೊತೆ ಇಡುವಷ್ಟು ಬೆಲೆಯ ಕಾಳು ಆಗ ಅದು. ಬಯಲುಸೀಮೆಯಲ್ಲಿ ಗದ್ದೆಗಳು ಹರಡಿದ್ದು ಕೆರೆ ಕಟ್ಟಿ, ತೂಬಿಟ್ಟು, ಕಾಲುವೆ ತೋಡಿದ ಮೇಲೆ.

— ಸಂಪಾದಕ