ಬಾವಿಯೊಳಗಿನ ಗುಂಯ್ ಸದ್ದು

ಪ್ರಶ್ನೆ: ನೀರಿನೊಳಗಿನ ಸದ್ದು ಕೇಳಲೆಂದು ಬಜರ್‌ನ ಪೀಜೋ ಬಿಲ್ಲೆಗೆ (ಅದುರಿದರೆ ವಿದ್ಯುತ್ ಹುಟ್ಟಿಸುವ ಬಿಲ್ಲೆ) ಎಪಾಕ್ಸಿ ಅಂಟು ಮೆತ್ತಿ, 12 ಮೀಟರ್ ಸಾದಾ ವೈರು ಜೋಡಿಸಿ ಬಾವಿಗೆ ಇಳಿಬಿಟ್ಟೆ. ಲ್ಯಾಪ್‌ಟಾಪಿನಲ್ಲಿ ಬರೀ ಗುಂಯ್ ಎನ್ನುತ್ತದೆ. ಪಂಪು ನಿಲ್ಲಿಸಿದರೂ ಹೋಗದು, ವೈರು ಮುಟ್ಟಿದರೆ ಜೋರಾಗುತ್ತದೆ. ಫಿಲ್ಟರ್ ಹಾಕಲೇ?
– ಓದುಗರೊಬ್ಬರು, ಹೊನ್ನಾವರ

ಉತ್ತರ: ಫಿಲ್ಟರ್ ಸದ್ಯಕ್ಕೆ ಬೇಡ. ಆ ಗುಂಯ್ ಬಾವಿಯದಲ್ಲ, ಮನೆಯ ಕರೆಂಟಿನದು: 50 ಹರ್ಟ್ಸ್ ಮತ್ತು ಅದರ ಮರಿಗಳಾದ 100, 150. ಮೀನುಗಳು ಗೊಣಗುವುದೂ ಹೆಚ್ಚಾಗಿ ಕೆಲವು ನೂರು ಹರ್ಟ್ಸ್‌ಗಳಲ್ಲೇ. ಅಲ್ಲಿ ಕತ್ತರಿ ಆಡಿಸಿದರೆ ಕಳೆಯ ಜೊತೆ ಪೈರೂ ಹೋದೀತು.

ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಕೇಳಿ. ನಗಬೇಡಿ. ತದಡಿಯ ಧಕ್ಕೆಯಲ್ಲಿ ನಾನು ಒಂದಿಡೀ ಸಂಜೆ ದೋಣಿಗಳ ಎಂಜಿನ್ನನ್ನು ಶಪಿಸುತ್ತ ಕುಳಿತಿದ್ದೆ. ಏಳು ಗಂಟೆಗೆ ಕರೆಂಟು ಹೋಯಿತು, ಗುಂಯ್ ಕೂಡ ಹೋಯಿತು. ಬ್ಯಾಟರಿಯ ಮೇಲೆ ಓಡುತ್ತಿದ್ದ ಲ್ಯಾಪ್‌ಟಾಪಿನಿಂದ ಒಗ್ಗರಣೆಗೆ ಸಾಸಿವೆ ಸಿಡಿದಂಥ ಸದ್ದು ಬರತೊಡಗಿತು. ಚಿಟಿಕೆ ಹೊಡೆಯುವ ಸಿಗಡಿಗಳು! ಅಷ್ಟು ಹೊತ್ತೂ ಅವು ಅಲ್ಲೇ ಇದ್ದವು.

ಚಾರ್ಜರ್ ಕಿತ್ತರೂ ಉಳಿಯುವ ಗುಂಯ್ ವೈರಿನದು. ಮುಟ್ಟಿದರೆ ಜೋರಾಗುತ್ತದೆ ಎಂದಿರಲ್ಲ, ಅದೇ ಸುಳಿವು. 27 ಮಿಲಿಮೀಟರಿನ ಬಿಲ್ಲೆಯ ಧಾರಕತೆ (ಕೆಪಾಸಿಟೆನ್ಸ್) ಸುಮಾರು 20 ನ್ಯಾನೋಫ್ಯಾರಡ್. 50 ಹರ್ಟ್ಸ್‌ನಲ್ಲಿ ಅದು ಒಂದೂವರೆ ಲಕ್ಷ ಓಮ್‌ಗೂ ಮಿಕ್ಕ ತಡೆ. ಇಂಥ ಬಡ ಮೂಲಕ್ಕೆ ಹೊದಿಕೆಯಿಲ್ಲದ 12 ಮೀಟರ್ ವೈರು ಕಟ್ಟಿದರೆ ಅದು ಆಂಟೆನಾ ಆಗದೆ ಇನ್ನೇನಾದೀತು? ಅದೂ ಅಲ್ಲದೆ ಮೈಕ್ ತೂತಿನ ತಡೆ 10 ಸಾವಿರ ಓಮ್ ಇದೆಯೆಂದೇ ಇಟ್ಟುಕೊಂಡರೂ 800 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಸೊರಗುತ್ತದೆ.

ಆದ್ದರಿಂದ ಹೊಸ ಬಿಲ್ಲೆ ತನ್ನಿ. ಅದರ ಬೆನ್ನಿಗೇ, ನೀರಿನೊಳಗೇ, ಜೆಫೆಟ್ ಎಂಬ ಟ್ರಾನ್ಸಿಸ್ಟರಿನ ಪುಟ್ಟ ಪ್ರೀಆಂಪ್ (ಬಡ ಸದ್ದಿಗೆ ಬಲ ಕೊಡುವ ಮಂಡಲ) ಇಡಿ. ಅದರ ಇನ್‌ಪುಟ್‌ನಿಂದ ಗ್ರೌಂಡಿಗೆ 10 ಲಕ್ಷ ಓಮ್‌ನ ರೆಸಿಸ್ಟರ್ ಇದ್ದರೆ 8 ಹರ್ಟ್ಸ್‌ವರೆಗೂ ಇಳಿಯಬಹುದು. ಮೇಲಕ್ಕೆ ಜಾಲರಿ ಹೊದಿಕೆಯ ಎರಡೆಳೆ ಮೈಕ್ ಕೇಬಲ್: ಒಂದೆಳೆ 9 ವೋಲ್ಟ್ ಬ್ಯಾಟರಿಗೆ, ಇನ್ನೊಂದು ಸದ್ದಿಗೆ, ಜಾಲರಿ ಗ್ರೌಂಡಿಗೆ. ಅಡಾಪ್ಟರ್ ತಂದು ಮತ್ತೆ ಕರೆಂಟನ್ನು ಕರೆಯಬೇಡಿ. ಬಿಲ್ಲೆಗೂ ಪ್ರೀಆಂಪ್‌ಗೂ ಎಪಾಕ್ಸಿಯ ಒಂದು ಲೇಪ ಕೊಟ್ಟು, ಮೇಲೆ ತೆಳು ತಾಮ್ರದ ಜಾಲರಿ ಸುತ್ತಿ, ಅದನ್ನು ಕೇಬಲ್ಲಿನ ಜಾಲರಿಗೆ ಬೆಸೆದು, ಮತ್ತೊಂದು ಲೇಪ ಕೊಡಿ.

ಎರಡನೆಯ ಲೇಪಕ್ಕೆ ಮುಂಚೆ, ಜಾಲರಿ ಬಿಲ್ಲೆಯ ಬಿಳಿ ಮುಖಕ್ಕೆ ಎಲ್ಲಿಯೂ ಸೋಕಿಲ್ಲವೆಂದು ಮಲ್ಟಿಮೀಟರ್ ಹಿಡಿದು ನೋಡಿಕೊಳ್ಳಿ. ಗಟ್ಟಿಯಾದ ಎಪಾಕ್ಸಿಯನ್ನು ಕೆತ್ತಲು ಹೋಗಿ ನಾನು ಎರಡು ಬಿಲ್ಲೆ ಒಡೆದಿದ್ದೇನೆ.