ಅನ್ನ ತಿಂದ ಮೇಕೆಗೆ ಎಣ್ಣೆಯೋ, ಸೋಡಾವೋ?

ಮೊದಲು 1962ಕ್ಕೆ ಫೋನ್ ಮಾಡಿ, ಆಮೇಲೆ ಇದನ್ನು ಓದಿ. ಸಂಚಾರಿ ಪಶು ಚಿಕಿತ್ಸಾ ವಾಹನದ ಉಚಿತ ಸಹಾಯವಾಣಿ ಅದು. ವಾಹನ ಬರುವುದು ತಡವಾಗುತ್ತದೆ ಎಂದರೆ ಆಟೋ ಮಾಡಿಕೊಂಡಾದರೂ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ. ನೀವು ಬರೆದಿರುವ ಲಕ್ಷಣಗಳು ನಾಳೆಯವರೆಗೆ ಕಾಯುವಂಥವಲ್ಲ.

ಗೃಹಪ್ರವೇಶದಲ್ಲಿ ಉಳಿದ ಅನ್ನ, ಪಾಯಸವನ್ನು ನಿಮ್ಮ ಸಾಕು ಹೋತ ನಿನ್ನೆ ಹೊಟ್ಟೆ ತುಂಬ ತಿಂದಿದೆ. ಬೆಳಿಗ್ಗೆಯಿಂದ ಮೇವು ಮುಟ್ಟಿಲ್ಲ, ಮೆಲುಕು ಹಾಕಿಲ್ಲ, ಎಡಹೊಟ್ಟೆ ಊದಿದೆ, ಹಿಕ್ಕೆಯ ಬದಲು ಹುಳಿ ನಾತದ ತೆಳು ಭೇದಿ. ಪಕ್ಕದ ಮನೆಯವರು ಎಣ್ಣೆ ಕುಡಿಸಿ ಎನ್ನುತ್ತಿದ್ದಾರೆ, ನಿಮ್ಮ ಅತ್ತೆ ಅಡುಗೆ ಸೋಡಾ ಎನ್ನುತ್ತಿದ್ದಾರೆ. ಇಬ್ಬರೂ ಹೇಳುತ್ತಿರುವುದು ಮದ್ದೇ, ಆದರೆ ಬೇರೆ ಬೇರೆ ಕಾಯಿಲೆಗೆ. ಈ ಸಲ ಅತ್ತೆಯ ಮಾತು ಹೆಚ್ಚು ಸರಿ ಎಂದು ನನಗನಿಸುತ್ತದೆ. ಆದರೂ ಒಮ್ಮೆ ಕೈಯಿಟ್ಟು ನೋಡಿ.

ಹೋತವನ್ನು ನಿಲ್ಲಿಸಿಕೊಳ್ಳಿ. ಎಡ ಮಗ್ಗುಲಲ್ಲಿ ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಒಂದು ತಗ್ಗು ಇರುತ್ತದೆ. ಅಲ್ಲಿ ಮುಷ್ಟಿಯಿಟ್ಟು ಮೆಲ್ಲಗೆ ಒತ್ತಿ. ಮೆಲುಕು ಚೀಲ ಇರುವುದು ಅಲ್ಲಿಯೇ. ಚೆನ್ನಾಗಿರುವ ಮೇಕೆಯಲ್ಲಿ ಅದು ನಿಮಿಷಕ್ಕೆ ಒಂದೆರಡು ಸಲ ಹೊರಳುತ್ತದೆ, ಮುಷ್ಟಿ ತಾನಾಗಿ ಮೇಲೇಳುತ್ತದೆ. ಕಾದರೂ ಅಲುಗಾಟವೇ ಇಲ್ಲ, ಒತ್ತಿದ ಗುರುತು ನಾದಿದ ಹಿಟ್ಟಿನಲ್ಲಿ ಉಳಿದಂತೆ ಹಾಗೆಯೇ ಉಳಿಯುತ್ತದೆ, ಅಥವಾ ಒಳಗೆ ನೀರು ಕುಲುಕುವ ಸದ್ದು ಬರುತ್ತದೆ ಎಂದರೆ ಅದು ಅನ್ನದ ಅಜೀರ್ಣ. ತಗ್ಗೇ ಕಾಣದಷ್ಟು ಬಿಗಿದುಕೊಂಡು, ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು ಬಂದರೆ ಹೊಟ್ಟೆ ಉಬ್ಬರ.

ಅನ್ನ, ರಾಗಿ ಹಿಟ್ಟು, ಚಪಾತಿ, ಬ್ರೆಡ್ ಎಲ್ಲವೂ ಪಿಷ್ಟ. ನಾರು ಕರಗಿಸಲೆಂದು ಇರುವ ಮೆಲುಕು ಚೀಲಕ್ಕೆ ಇವು ಒಮ್ಮೆಲೇ ಬಿದ್ದರೆ ಆಮ್ಲ ಮಾಡುವ ಸೂಕ್ಷ್ಮಜೀವಿಗಳು ಮಿತಿಮೀರಿ ಹೆಚ್ಚುತ್ತವೆ, ಒಳಗೆಲ್ಲ ಹುಳಿಯಾಗಿ ಹುಲ್ಲು ಕರಗಿಸುವ ಜೀವಿಗಳು ಸಾಯುತ್ತವೆ. ಆ ಹುಳಿ ರಕ್ತದಲ್ಲಿರುವ ನೀರನ್ನು ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತದೆ. ಹೊಟ್ಟೆಯಲ್ಲಿ ನೀರು ಕುಲುಕುತ್ತಿದ್ದರೂ ಕಣ್ಣು ಗುಳಿಬೀಳುವುದು ಇದರಿಂದಲೇ. ಭೇದಿ ನಿಲ್ಲಿಸಲೆಂದು ಮನುಷ್ಯರ ಮಾತ್ರೆ ಕೊಡಬೇಡಿ.

ಸೋಡಾ ಆ ಹುಳಿಯನ್ನು ಮುರಿಯುತ್ತದೆ. ತೂಕದ ಪ್ರತಿ ಕಿಲೋಗೆ ಸುಮಾರು ಒಂದು ಗ್ರಾಂ ಲೆಕ್ಕ. 20 ಕಿಲೋ ತೂಗುವ ಹೋತಕ್ಕೆ 20 ಗ್ರಾಂ, ಉಗುರುಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ಕದಡಿ. ಫೋನಿನಲ್ಲಿ ವೈದ್ಯರಿಗೆ ತೂಕ ಹೇಳಿ ಒಪ್ಪಿಗೆ ಪಡೆದೇ ಕೊಡಿ. ಹೊಟ್ಟೆ ಈಗಾಗಲೇ ಬಿಗಿದುಕೊಂಡಿದ್ದರೆ ಸೋಡಾ ಬೇಡ. ಹುಳಿಗೆ ಸೋಡಾ ಬಿದ್ದರೆ ಇನ್ನಷ್ಟು ಗಾಳಿ ಏಳುತ್ತದೆ. ಎಣ್ಣೆ ಬೇಕಾಗುವುದು ಹಸಿ ಕುದುರೆಮೆಂತೆಯಂಥ ಎಳೆ ಮೇವು ತಿಂದು ಒಳಗೆ ನೊರೆ ಕಟ್ಟಿದಾಗ. ಆಗ 100 ಮಿಲಿ ಕಡಲೆಕಾಯಿ ಎಣ್ಣೆ ನೊರೆಯನ್ನು ಒಡೆಯುತ್ತದೆ, ಮೇಕೆ ತೇಗಿ ಹಗುರಾಗುತ್ತದೆ. ಬರಿಯ ಗಾಳಿ ತುಂಬಿದ್ದರೆ ವೈದ್ಯರು ಬಾಯಿಯಿಂದ ಕೊಳವೆ ಇಳಿಸಿ ಬಿಡಿಸುತ್ತಾರೆ. ಉಸಿರಿಗೆ ಪರದಾಡುತ್ತಿದ್ದರೆ ಆಗ ನಿಮಿಷಗಳ ಲೆಕ್ಕ.

ಕುಡಿಸುವಾಗಲೇ ಎಷ್ಟೋ ಮೇಕೆಗಳು ಸಾಯುತ್ತವೆ. ಗೊಟ್ಟ, ಅಂದರೆ ಮದ್ದು ಕುಡಿಸುವ ಬಿದಿರಿನ ಕೊಳವೆ ಹಿಡಿದು, ಕತ್ತು ಮೇಲೆತ್ತಿ, ಗಟಗಟ ಸುರಿಯುವುದನ್ನು ನಮ್ಮ ಶಿರಾ ಕಡೆ ಇಂದಿಗೂ ನೋಡುತ್ತೇನೆ. ಹಾಗೆ ಸುರಿದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ, ಎಣ್ಣೆಯಾದರಂತೂ ಕೇಳುವುದೇ ಬೇಡ. ಮೂತಿ ಬೆನ್ನಿನ ಮಟ್ಟಕ್ಕಿಂತ ಮೇಲೇರಬಾರದು. ಸೂಜಿ ತೆಗೆದ ದೊಡ್ಡ ಸಿರಿಂಜನ್ನು ಬಾಯಿಯ ಪಕ್ಕದಿಂದ, ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವಿನ ಖಾಲಿ ಜಾಗದಲ್ಲಿ ತೂರಿಸಿ, ಸ್ವಲ್ಪ ಸ್ವಲ್ಪವೇ ಬಿಡಿ. ನುಂಗಿದ್ದನ್ನು ನೋಡಿಕೊಂಡು ಮುಂದಿನದು. ಕೆಮ್ಮಿದರೆ ನಿಲ್ಲಿಸಿ. ಮಲಗಿರುವ, ತಲೆ ಎತ್ತಲಾಗದ ಮೇಕೆಗೆ ಏನನ್ನೂ ಕುಡಿಸಬೇಡಿ.

ಓಂಕಾಳಿನ ಕಷಾಯ ಕುಡಿಸಿ ರಾತ್ರಿ ಕಳೆಯೋಣ ಎನ್ನುವವರು ಸಿಗುತ್ತಾರೆ. ಅಷ್ಟು ಹೊತ್ತು ನಿಮ್ಮ ಬಳಿ ಇಲ್ಲ. ಹೊಟ್ಟೆಗೆ ಬರೆ ಹಾಕಿಸಿ ಎನ್ನುವವರೂ ಬರಬಹುದು. ಅವರನ್ನು ಗೇಟಿನಿಂದಲೇ ಕಳುಹಿಸಿ.

ವೈದ್ಯರು ಬಂದರೆ ಸಾಮಾನ್ಯವಾಗಿ ರಕ್ತನಾಳದ ಮೂಲಕ ದ್ರವ ಕೊಡುತ್ತಾರೆ, ಬಿ1 ಜೀವಸತ್ವದ ಚುಚ್ಚುಮದ್ದು ಹಾಕುತ್ತಾರೆ. ಬಿ1 ಏಕೆಂದರೆ, ಮೆಲುಕು ಚೀಲ ಕೆಟ್ಟಾಗ ಅದರ ಕೊರತೆಯಾಗಿ ಮೆದುಳಿಗೆ ಪೆಟ್ಟು ಬೀಳುತ್ತದೆ. ಮೇಕೆ ಕಣ್ಣು ಕಾಣದಂತೆ ತಡವರಿಸುವುದು, ಆಕಾಶ ನೋಡುತ್ತ ನಿಲ್ಲುವುದು, ಗೋಡೆಗೆ ಹಣೆ ಒತ್ತುವುದು ಕಂಡರೆ ತಕ್ಷಣ ತಿಳಿಸಿ. ಹುಳಿ ಇಳಿದ ಮೇಲೆ ಇನ್ನೊಂದು ಉಪಾಯವಿದೆ: ಆರೋಗ್ಯವಾಗಿದ್ದ ಬೇರೆ ಮೇಕೆಯ ಮೆಲುಕು ಚೀಲದ ರಸವನ್ನು ಬಟ್ಟೆಯಲ್ಲಿ ಸೋಸಿ, ಬೆಚ್ಚಗಿರುವಾಗಲೇ ಕುಡಿಸುವುದು. ಸತ್ತುಹೋದ ಸೂಕ್ಷ್ಮಜೀವಿಗಳ ಜಾಗಕ್ಕೆ ಹೊಸವು ಬರುತ್ತವೆ. ಅಂಥ ರಸ ಸಿಗುವುದು ಮಾಂಸದಂಗಡಿಯಲ್ಲಿ. ಸಾಕಿದವರಿಗೆ ಅಲ್ಲಿ ಹೋಗಿ ಕೇಳುವುದು ಕಸಿವಿಸಿಯೇ, ಆದರೆ ನಮ್ಮ ಚಿಕ್ಕಮ್ಮನ ಮೇಕೆ ಮತ್ತೆ ಮೆಲುಕು ಹಾಕಲು ಶುರು ಮಾಡಿದ್ದು ಅದನ್ನು ಕೊಟ್ಟ ಮೇಲೆ.

ಚೇತರಿಸಿಕೊಳ್ಳುವ ದಿನಗಳಲ್ಲಿ ರಾಗಿ ಹುಲ್ಲು, ಹಲಸಿನ ಎಲೆ ಸಾಕು. ಪ್ರೀತಿಗೆಂದು ಬಿಸ್ಕತ್ತು ಕೊಡುವ ಮಕ್ಕಳ ಕೈಗೆ ಸೊಪ್ಪಿನ ಕಟ್ಟು ಕೊಡಿ. ಕರುಳು ಬೇನೆಯ ಲಸಿಕೆ ಹಾಕಿಸಿದ್ದೀರಾ ಎಂದು ನೀವು ಬರೆದಿಲ್ಲ. ಪಿಷ್ಟ ಹೆಚ್ಚು ತಿಂದ ಹೊಟ್ಟೆಯಲ್ಲಿ ಆ ಬೇನೆಯ ರೋಗಾಣು ವಿಷ ಕಾರಿ, ಲಕ್ಷಣ ತೋರಿಸುವ ಮುಂಚೆಯೇ ಕೊಲ್ಲಬಲ್ಲದು. ಲಸಿಕೆಯ ವಿಷಯ ವೈದ್ಯರಿಗೆ ಹೇಳಿ. ಜ್ವರದ ಜೊತೆಗೆ ಮೂಗು ಕಣ್ಣು ಸುರಿಯುವುದು, ಬಾಯಿ ಹುಣ್ಣು ಇದ್ದರೆ ಅದು ಪಿಪಿಆರ್ ಎಂಬ ಅಂಟುರೋಗ ಇರಬಹುದು, ಅಕ್ಕಪಕ್ಕದ ಮೇಕೆಗಳಿಂದ ದೂರ ಕಟ್ಟಿ.

ಕೊನೆಗೊಂದು ಪ್ರಶ್ನೆ, ನಿಮ್ಮದು ಬೀಜ ಒಡೆಸಿದ ಹೋತ ಎಂದು ಬರೆದಿರುವುದರಿಂದ. ಇವತ್ತು ಅದು ಉಚ್ಚೆ ಹೊಯ್ದದ್ದನ್ನು ಯಾರಾದರೂ ನೋಡಿದ್ದಾರೆಯೇ? ಕಾಳು, ಹಿಂಡಿ ಹೆಚ್ಚು ತಿನ್ನುವ ಇಂಥ ಹೋತಗಳಿಗೆ ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಳ್ಳುತ್ತದೆ. ಅವು ಬಾಲ ಅಲ್ಲಾಡಿಸುತ್ತ ತಿಣುಕುತ್ತವೆ, ಮನೆಯವರು ಹೊಟ್ಟೆನೋವು ಎಂದುಕೊಂಡು ಎಣ್ಣೆ ಹುಡುಕುತ್ತಾರೆ. ವೈದ್ಯರು ಸಿಗುವವರೆಗೆ ಒಣ ನೆಲದ ಮೇಲೆ ಕಟ್ಟಿ ನೋಡಿ. ನೆಲ ಒಣಗಿಯೇ ಇದ್ದರೆ ವೈದ್ಯರಿಗೆ ಮೊದಲು ಅದನ್ನೇ ಹೇಳಿ, ಅನ್ನದ ಕಥೆ ಆಮೇಲೆ.