ಹಗ್ಗ ಎಳೆದೂ ಎಳೆದೂ ಕೈ ಸೋತ್ರೂ ಮಿಷನ್ ಸ್ಟಾರ್ಟ್ ಆಗ್ತಿಲ್ವಾ?

ಮಳೆ ಹಿಂದಾಗಿ ದಸರಾ ಹತ್ರ ಬಂತು ಅಂದ್ರೆ ಈ ಅಂಕಣಕ್ಕೆ ಬರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಥರದ್ದು. ಹುಲ್ಲು ಮೊಣಕಾಲುದ್ದ ಬೆಳೆದು ನಿಂತಿದೆ, ಹುಲ್ಲು ಹೊಡೆಯೋ ಮಿಷನ್ ಮಾತ್ರ ಏಳ್ತಿಲ್ಲ. ಈ ಸಲ ಅಂಥವನ್ನೇ ಒಟ್ಟಿಗೆ ತಗೊಂಡಿದೀನಿ.

ಪ್ರಶ್ನೆ: ನಮಸ್ಕಾರ ಸರ್. ಸಕಲೇಶಪುರದ ಹತ್ರ ನಮ್ದೊಂದು ಸಣ್ಣ ಹೋಮ್‌ಸ್ಟೇ, ಮುಂದುಗಡೆ ಹುಲ್ಲುಹಾಸು ಇದೆ. ತಳ್ಕೊಂಡು ಹೋಗೋ ಪೆಟ್ರೋಲ್ ಲಾನ್ ಮೂವರ್, ಫೋರ್ ಸ್ಟ್ರೋಕ್, ತಗೊಂಡು 3 ವರ್ಷ ಆಯ್ತು. ಜೂನಲ್ಲಿ ಮಳೆ ಹಿಡ್ಕೊಂಡ ಮೇಲೆ ಶೆಡ್ಡಲ್ಲಿ ನಿಲ್ಸಿದ್ವಿ. ಈಗ ಹಗ್ಗ ಎಳೆದ್ರೆ ಒಂದೇ ಒಂದು ಸಲ ಬುರ್ ಅಂದು ನಿಂತೋಗತ್ತೆ, ಆಮೇಲೆ ಅದೂ ಇಲ್ಲ. ಪ್ಲಗ್ ಹೊಸ್ದು ಹಾಕಿ ನೋಡ್ದೆ. ಪೇಟೆ ಮೆಕ್ಯಾನಿಕ್ಕು ಕಾರ್ಬೊರೇಟರೇ ಹೊಸ್ದು ಹಾಕ್ಬೇಕು ಅಂತಿದಾರೆ. ಹಾಕ್ಸೋದಾ?

ಉತ್ತರ: ಈಗ್ಲೇ ಹಾಕಿಸ್ಬೇಡಿ. ಕಾರ್ಬೊರೇಟರ್ ಅಂದ್ರೆ ಪೆಟ್ರೋಲನ್ನ ಗಾಳಿ ಜೊತೆ ಬೆರೆಸಿ ಇಂಜಿನ್ನಿಗೆ ಕಳ್ಸೋ ಭಾಗ. ನೀವು ಬರೆದಿರೋದ್ರಲ್ಲೇ ಉತ್ತರ ಇದೆ, ಜೂನಿಂದ ನಿಂತಿದೆ ಅಂದ್ರೆ ಟ್ಯಾಂಕಲ್ಲಿರೋದೂ ಜೂನ್ ತಿಂಗಳ ಪೆಟ್ರೋಲೇ ತಾನೆ? ಮೊದ್ಲು ಅದನ್ನ ಖಾಲಿ ಮಾಡಿ. ಬಯಲಲ್ಲಿಟ್ಕೊಂಡು, ಇಂಜಿನ್ ತಣ್ಣಗಿರುವಾಗ, ಹತ್ರ ಬೀಡಿ ಬೆಂಕಿ ಯಾವ್ದೂ ಇಲ್ದೇ ಇರೋ ಹಾಗೆ ನೋಡ್ಕೊಂಡು, ಒಂದು ಗಾಜಿನ ಬಾಟ್ಲಿಗೆ ಇಳಿಸಿ ಹತ್ತು ನಿಮಿಷ ಅಲ್ಲಾಡಿಸದೆ ಬಿಡಿ. ಬಾಟ್ಲಿ ತಳದಲ್ಲಿ ಬೇರೆ ಬಣ್ಣದ ಒಂದು ಪದರ ಕೂತು ಮಧ್ಯೆ ಗೆರೆ ಎಳೆದ ಹಾಗೆ ಕಂಡ್ರೆ, ಅಥವಾ ಮೂಗಿನ ಹತ್ರ ತಂದಾಗ ಪೆಟ್ರೋಲಿನ ಖಾರದ ವಾಸನೆ ಹೋಗಿ ಹಳೇ ವಾರ್ನಿಷ್ ಥರ ಬಂದ್ರೆ, ನಿಮ್ಮ ಮಿಷನ್ನಿಗೆ ಬಂದಿರೋ ಕಾಯಿಲೆ ಇದೇ.

ಇದು ಮುಂಚೆಗಿಂತ ಈಗ ಜಾಸ್ತಿ ಆಗೋಕೆ ಕಾರಣ ಇದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಲ್ಲೇ ಇ20 ಪೆಟ್ರೋಲ್ ಬಿಡುಗಡೆ ಆಯ್ತು, ಈಗ ಬಂಕಲ್ಲಿ ಸಾಮಾನ್ಯವಾಗಿ ಸಿಗೋದು 20 ಪರ್ಸೆಂಟ್ ಎಥನಾಲ್ ಬೆರೆಸಿದ್ದೇ. ಎಥನಾಲ್‌ಗೆ ಗಾಳಿಯಲ್ಲಿರೋ ತೇವ ಹೀರ್ಕೊಳೋ ಗುಣ. ದಿನಾ ಓಡೋ ಬೈಕಿಗೆ ಅದೇನೂ ಗೊತ್ತಾಗಲ್ಲ, ವಾರಕ್ಕೊಂದ್ಸಲ ಹೊಸ ಪೆಟ್ರೋಲ್ ಬೀಳತ್ತೆ. ಆದ್ರೆ ನಾಲ್ಕು ತಿಂಗಳು ಮಲೆನಾಡಿನ ಮಳೆಗಾಲದಲ್ಲಿ, ಗೋಡೆ ಮೇಲೇ ನೀರು ಬೆವರೋ ಶೆಡ್ಡಲ್ಲಿ, ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಕೊಂಡು ನಿಂತಿರೋ ಮಿಷನ್ ಕಥೆ ಹಾಗಲ್ಲ. ಹೀರ್ಕೊಂಡ ನೀರು ಜಾಸ್ತಿ ಆದಾಗ ಎಥನಾಲೂ ನೀರೂ ಒಟ್ಟಾಗಿ ಬೇರೆಯಾಗಿ ತಳಕ್ಕಿಳಿಯತ್ತೆ, ಕಾರ್ಬೊರೇಟರಿಗೆ ಮೊದ್ಲು ಹೋಗೋದೂ ತಳದ್ದೇ.

ಹೊಸ ಪೆಟ್ರೋಲ್ ಹಾಕಿದ್ಮೇಲೂ ಏಳ್ಲಿಲ್ಲ ಅಂದ್ರೆ ಕಾರ್ಬೊರೇಟರಿನ ಕೆಳಗಿನ ಬೌಲ್ ಬಿಚ್ಚಿ. ಪೆಟ್ರೋಲ್ ಕಾಕ್ ಇದ್ರೆ ಮುಚ್ಚಿ, ಇಲ್ದಿದ್ರೆ ಪೈಪನ್ನ ಮೆತ್ತಗೆ ಅದುಮಿ ಕ್ಲಿಪ್ ಹಾಕಿ, ಕೆಳಗಡೆ ಇರೋ ಒಂದೇ ಬೋಲ್ಟ್ ತೆಗೆದ್ರೆ ಬೌಲ್ ಕೈಗೆ ಬರತ್ತೆ. ಒಳಗೆ ಬಿಳೀ ಪುಡಿನೋ ಜೇನುತುಪ್ಪದಂಥ ಅಂಟೋ ಕೂತಿರತ್ತೆ, ಒರೆಸಿ. ಮಧ್ಯೆ ಒಂದು ಸಣ್ಣ ಹಿತ್ತಾಳೆ ಜೆಟ್, ಅಂದ್ರೆ ಪೆಟ್ರೋಲ್ ಅಳತೆಯಲ್ಲಿ ಹೋಗೋ ತೂತಿರೋ ತುಂಡು ಇರತ್ತೆ, ಕೆಲವು ಮಿಷನ್ನಲ್ಲಿ ಆ ಬೋಲ್ಟಲ್ಲೇ ತೂತು ಇರತ್ತೆ. ಅದನ್ನ ಆಕಾಶದ ಕಡೆ ಹಿಡಿದು ಒಂದು ಕಣ್ಣಲ್ಲಿ ನೋಡಿ. ತೂತು ದುಂಡಗೆ, ಬೆಳಕು ಚುಕ್ಕಿ ಇಟ್ಟ ಹಾಗೆ ಕಾಣ್ಬೇಕು. ಅರ್ಧಚಂದ್ರ ಥರ ಕಂಡ್ರೆ ಇಲ್ಲೇ ಕಟ್ಟಿದೆ ಅಂತರ್ಥ. ಕ್ಲೀನರ್ ಸ್ಪ್ರೇ ಹೊಡೆದು, ವೈರಿನ ಒಳಗಿನ ತಾಮ್ರದ ಒಂದೇ ಒಂದು ಎಳೆ ತಗೊಂಡು ಆಡಿಸಿ. ಸೂಜಿ, ಸ್ಟೀಲ್ ಪಿನ್ನು ಮಾತ್ರ ಹಾಕ್ಲೇಬೇಡಿ, ತೂತು ಕೂದಲೆಳೆಯಷ್ಟು ದೊಡ್ಡದಾದ್ರೂ ಪೆಟ್ರೋಲ್ ಲೆಕ್ಕ ತಪ್ಪಿ ಮಿಷನ್ ಯಾವಾಗ್ಲೂ ಕಪ್ಪು ಹೊಗೆ ಬಿಡತ್ತೆ. ಇಷ್ಟಕ್ಕೆ ಅರ್ಧ ಗಂಟೆ ಸಾಕು. ಹೊಸ ಕಾರ್ಬೊರೇಟರ್ ಮಾತು ಇದಾದ್ಮೇಲೆ.

ಇನ್ನೊಂದು, ನಿಮ್ದು ಒಂದು ಸಲ ಬುರ್ ಅಂತಿದ್ದಿದ್ರಿಂದ ಪ್ಲಗ್ಗಲ್ಲಿ ಕಿಡಿ ಬರ್ತಿದೆ ಅಂತಾಯ್ತು, ಆದ್ರಿಂದ ಆ ಕಡೆ ತಲೆ ಕೆಡಿಸ್ಕೊಳ್ಬೇಡಿ. ಬುರ್ ಅಂತ ಕೂಡ ಅನ್ನದೆ ಇರೋರು ನೋಡ್ಬೇಕಾದ್ದು ಹ್ಯಾಂಡಲ್ ಮೇಲಿರೋ ಅಡ್ಡ ಪಟ್ಟಿ. ಅದನ್ನ ಹ್ಯಾಂಡಲ್ ಜೊತೆ ಒತ್ತಿ ಹಿಡಿದ್ರೆ ಮಾತ್ರ ಕಿಡಿ ಬರೋದು, ಬಿಟ್ರೆ ಇಂಜಿನ್ ನಿಲ್ಲತ್ತೆ, ಸೇಫ್ಟಿಗೆ ಅಂತ ಮಾಡಿರೋದು. ಅದರ ಕೇಬಲ್ ಸಡಿಲ ಆಗಿದ್ರೆ ನೀವು ಎಷ್ಟು ಒತ್ತಿ ಹಿಡಿದ್ರೂ ಇಂಜಿನ್ನಿಗೆ ಗೊತ್ತಾಗಲ್ಲ. ಹೊಸ ಪ್ಲಗ್ಗು, ಹೊಸ ಕಾಯಿಲ್ಲು ಅಂತ ಎಲ್ಲ ಹಾಕ್ಸಿ ಕೊನೇಲಿ ಕೇಬಲ್ ನಟ್ ಎರಡು ಸುತ್ತು ತಿರುಗಿಸಿದಾಗ ಸ್ಟಾರ್ಟ್ ಆಗಿರೋ ಮಿಷನ್ ನಾನೇ ಎಷ್ಟೋ ನೋಡಿದೀನಿ.

ತೆಗೆದ ಪೆಟ್ರೋಲನ್ನ ದಯವಿಟ್ಟು ಚರಂಡಿಗೋ ಬಾವಿ ಹತ್ರನೋ ಚೆಲ್ಲಬೇಡಿ, ಯಾವ್ದಾದ್ರೂ ಗ್ಯಾರೇಜಿಗೆ ಕೊಡಿ. ಆಮೇಲೆ ಡಿಪ್‌ಸ್ಟಿಕ್ ತೆಗೆದು ಆಯಿಲ್ ನೋಡಿ, ಡಿಕಾಕ್ಷನ್ ಥರ ಕಪ್ಪಗಾಗಿದ್ರೆ ಬದಲಾಯಿಸಿ. 50 ಗಂಟೆ ಓಡಿಸಿದ್ಮೇಲೆ, ಅಷ್ಟು ಓಡಿಸ್ದೇ ಇದ್ರೂ ವರ್ಷಕ್ಕೊಂದ್ಸಲ.

ಪ್ರಶ್ನೆ: ಸರ್, ನಮ್ದು ಸಾಗರ ಕಡೆ ಅಡಿಕೆ ತೋಟ. ಆಯುಧ ಪೂಜೆಗೆ ಅಂತ ನನ್ನ ಮಗ ಬೈಕು, ಟಿಲ್ಲರ್ ಜೊತೆ ವೀಡ್ ಕಟರನ್ನೂ ಪ್ರೆಷರ್ ವಾಷರಲ್ಲಿ ಚೆನ್ನಾಗಿ ತೊಳೆದು ಹೂವು ಹಾಕಿ ಪೂಜೆ ಮಾಡಿದ. ಮಾರನೇ ದಿನದಿಂದ ಸ್ಟಾರ್ಟೇ ಇಲ್ಲ. ಹಿಂದಿನ ದಿನದವರೆಗೂ ಒಂದೇ ಎಳೆತಕ್ಕೆ ಏಳ್ತಿತ್ತು.

ಉತ್ತರ: ಮಗನ್ನ ಬೈಬೇಡಿ, ಅವನ ಭಕ್ತಿ ಒಳ್ಳೇದೇ, ಬರೀ ನೀರು ಹೋಗಬಾರದ ಕಡೆ ಹೋಗಿದೆ. ಏರ್ ಫಿಲ್ಟರ್ ಮುಚ್ಚಳ ತೆಗೀರಿ, ಒಳಗಿನ ಸ್ಪಂಜು ಹಿಂಡಿದ್ರೆ ನೀರು ಬರತ್ತೆ ನೋಡಿ. ಆ ನೀರು ಒಳಗೆ ಹೋಗೋಕೆ ಮುಂಚೆ ಹಗ್ಗ ಎಳೆಯೋದು ನಿಲ್ಸಿ. ಸ್ಪಂಜನ್ನ ಸೋಪ್ ನೀರಲ್ಲಿ ತೊಳೆದು ನೆರಳಲ್ಲಿ ಪೂರ್ತಿ ಒಣಗಿಸಿ, ಎರಡು ಹನಿ ಆಯಿಲ್ ಹಾಕಿ ಹಿಂಡಿ ಕೂರಿಸಿ. ಪೇಪರ್ ಫಿಲ್ಟರ್ ಆಗಿದ್ರೆ ತೊಳೆಯೋ ಹಾಗಿಲ್ಲ, ನೆನೆದಿದ್ರೆ ಹೊಸ್ದು ಹಾಕ್ಬೇಕು. ಪ್ಲಗ್ ತೆಗೆದು ಒರೆಸಿಡಿ, ಪ್ಲಗ್ ಕ್ಯಾಪಿನ ಒಳಗೆ ಬಟ್ಟೆ ತುದಿ ತಿರುಗಿಸಿ ತೇವ ತೆಗೀರಿ. ಪ್ಲಗ್ ಇಲ್ದೇ ಸ್ವಿಚ್ ಆಫ್ ಮಾಡಿ ಹಗ್ಗ ಏಳೆಂಟು ಸಲ ಎಳೆದ್ರೆ ಸಿಲಿಂಡರಲ್ಲಿ ನೀರಿದ್ರೂ, ಎಳೆದೂ ಎಳೆದೂ ಪೆಟ್ರೋಲ್ ತುಂಬ್ಕೊಂಡಿದ್ರೂ ಹೊರಗೆ ಎಗರತ್ತೆ, ಮುಖ ದೂರ ಇಟ್ಕೊಳಿ. ಆಮೇಲೆ ಹ್ಯಾಂಡಲ್ಲಿನ ಸ್ಟಾಪ್ ಸ್ವಿಚ್. ಅದರಲ್ಲಿ ನೀರು ನಿಂತ್ರೆ ವೈರು ಶಾರ್ಟ್ ಆಗಿ ಯಾವಾಗ್ಲೂ ಆಫ್ ಆಗಿರೋ ಹಾಗೇ ಇರತ್ತೆ. ಇಡೀ ಮಿಷನ್ ಒಂದು ದಿನ ಬಿಸಿಲಲ್ಲಿಟ್ಟು ನೋಡಿ, ಹೆಚ್ಚಿನಂಶ ಅಷ್ಟಕ್ಕೇ ಸರಿ ಹೋಗತ್ತೆ.

ಆಮೇಲೂ ಇಲ್ಲ ಅಂದ್ರೆ ಕಿಡಿ ಪರೀಕ್ಷೆ ಮಾಡಿ. ಚೆಲ್ಲಿದ ಪೆಟ್ರೋಲೆಲ್ಲ ಒರೆಸಿ, ಅದರ ಹಬೆ ಪೂರ್ತಿ ಆರೋವರೆಗೂ ಕಾಯಿರಿ. ಪ್ಲಗ್ಗನ್ನ ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಭಾಗ ಸಿಲಿಂಡರಿಗೆ ತಾಗೋ ಹಾಗೆ, ಪ್ಲಗ್ ತೂತಿನಿಂದ ದೂರ ಹಿಡಿದು, ಸ್ವಿಚ್ ಆನ್ ಮಾಡಿ ನೆರಳಲ್ಲಿ ಹಗ್ಗ ಎಳೀರಿ. ನೀಲಿ ಕಿಡಿ ಚಟ್ ಅಂತ ಬರ್ಬೇಕು. ಪ್ಲಗ್ ಗ್ಯಾಪ್ 0.6ರಿಂದ 0.7 ಮಿಲಿಮೀಟರ್ ಇರ್ಲಿ. ಮುಂದಿನ ವರ್ಷ ಒದ್ದೆ ಬಟ್ಟೆ, ಹಳೇ ಬ್ರಷ್ಷು ಸಾಕು, ವಾಷರ್ ಟಿಲ್ಲರಿನ ಗಾಲಿಗೆ ಇಟ್ಕೊಳಿ.

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನವಳು, ತೋಟ ನಾನೇ ನೋಡ್ಕೊಳ್ತೀನಿ. ಟೂ ಸ್ಟ್ರೋಕ್ ವೀಡ್ ಕಟರ್. ಕೆಲಸಕ್ಕೆ ಹೊಸಬರು ಬಂದಿದ್ರು, ಅವರು ಆಯಿಲ್ ಬೆರೆಸ್ದೇ ಬರೀ ಪೆಟ್ರೋಲ್ ಹಾಕಿ ಓಡ್ಸಿದಾರೆ ಅಂತ ಆಮೇಲೆ ಗೊತ್ತಾಯ್ತು. ಅರ್ಧ ಗಂಟೆ ಓಡಿ ನಿಂತಿದೆ, ಈಗ ಹಗ್ಗ ತುಂಬಾ ಸಲೀಸಾಗಿ ಬರತ್ತೆ, ಆದ್ರೆ ಸ್ಟಾರ್ಟ್ ಆಗಲ್ಲ. ಮಿಷನ್ ಹೋಯ್ತಾ?

ಉತ್ತರ: ಮೇಡಂ, ಹಗ್ಗ ಸಲೀಸಾಗಿ ಬರತ್ತೆ ಅಂದಿದ್ದೇ ನನಗೆ ಬೇಜಾರಾಗಿದ್ದು. ಆರೋಗ್ಯವಾಗಿರೋ ಇಂಜಿನ್ನಲ್ಲಿ ಹಗ್ಗ ಎಳೆದಾಗ ಮಧ್ಯೆ ಮಧ್ಯೆ ಕೈಗೆ ಎದುರು ಒತ್ತು ಸಿಗ್ಬೇಕು, ಅದು ಕಂಪ್ರೆಷನ್. ಟೂ ಸ್ಟ್ರೋಕಿಗೆ ಬೇರೆ ಆಯಿಲ್ ಟ್ಯಾಂಕ್ ಇಲ್ಲ, ಪಿಸ್ಟನ್ನಿಗೂ ಬೇರಿಂಗಿಗೂ ಎಣ್ಣೆ ಸಿಗೋದು ಆ ಪೆಟ್ರೋಲಿನ ಜೊತೆಗೇ. ಅದಿಲ್ದೇ ಓಡಿದ್ರೆ ಪಿಸ್ಟನ್ ಕಾದು ಸಿಲಿಂಡರಿಗೆ ಉಜ್ಜತ್ತೆ. ಯಾರ ಮಾತನ್ನೂ ನಂಬ್ಬೇಕಾಗಿಲ್ಲ, ನೀವೇ ನೋಡ್ಬಹುದು: ಸೈಲೆನ್ಸರಿನ ಬೋಲ್ಟ್ ಬಿಚ್ಚಿ ಪಕ್ಕಕ್ಕಿಡಿ, ಸಿಲಿಂಡರಲ್ಲಿ ಒಂದು ಕಿಂಡಿ ಕಾಣತ್ತೆ. ಹಗ್ಗ ಮೆತ್ತಗೆ ಎಳೆದು ಪಿಸ್ಟನ್ ಆ ಕಿಂಡಿ ಮುಂದೆ ಬರೋ ಹಾಗೆ ಮಾಡಿ ಮೊಬೈಲ್ ಟಾರ್ಚ್ ಬಿಡಿ. ಪಿಸ್ಟನ್ ಮೈ ನುಣ್ಣಗಿದ್ರೆ ನಿಮ್ಮ ಅದೃಷ್ಟ. ಮೇಲಿಂದ ಕೆಳಗೆ ಬೆಕ್ಕು ಪರಚಿದ ಹಾಗೆ ಗೀರುಗಳಿದ್ರೆ ಪಿಸ್ಟನ್, ರಿಂಗು, ಸಿಲಿಂಡರ್ ಕಿಟ್ ಹಾಕಿಸ್ಲೇಬೇಕು, ಬೇರೆ ದಾರಿ ಇಲ್ಲ. ಪಿಸ್ಟನ್ನಿಂದ ತಿರುಗೋ ಕ್ರ್ಯಾಂಕ್ ದಂಡದ ಬೇರಿಂಗೂ ಹೋಗಿದ್ಯಾ ಅಂತ ಆವಾಗ್ಲೇ ನೋಡಿಸಿ, ಅದೂ ಹೋಗಿದ್ರೆ ಹೊಸ ಮಿಷನ್ ರೇಟ್ ಜೊತೆ ಹೋಲಿಸಿ ತೀರ್ಮಾನ ಮಾಡಿ.

ಮುಂದಕ್ಕೆ ಒಂದು ಕೆಲಸ ಮಾಡಿ, ಮಿಕ್ಸ್ ಪೆಟ್ರೋಲಿಗೆ ಬೇರೇನೇ ಕ್ಯಾನ್ ಇಡಿ, ಅದಕ್ಕೂ ಮಿಷನ್ ಟ್ಯಾಂಕ್ ಮುಚ್ಚಳಕ್ಕೂ ಒಂದೇ ಕೆಂಪು ಪೇಂಟ್ ಹಚ್ಚಿ. ಓದೋಕೆ ಬರ್ದೇ ಇರೋರಿಗೂ ಕೆಂಪಿಗೆ ಕೆಂಪು ಅಂತ ಹೇಳಿದ್ರೆ ತಪ್ಪಲ್ಲ. ಅಳತೆ ಮಿಷನ್ ಜೊತೆ ಬಂದ ಬುಕ್ಕಲ್ಲಿರತ್ತೆ. 50ಕ್ಕೆ 1 ಅಂತಿದ್ರೆ ಲೀಟರಿಗೆ 20 ಎಂಎಲ್ ಟೂಟಿ (ಟೂ ಸ್ಟ್ರೋಕ್) ಆಯಿಲ್, 25ಕ್ಕೆ 1 ಅಂತಿದ್ರೆ 40 ಎಂಎಲ್. ಅಂದಾಜಲ್ಲಿ ಮುಚ್ಚಳದ ಲೆಕ್ಕ ಬೇಡ, ಮೆಡಿಕಲ್ ಶಾಪಲ್ಲಿ ಸಿಗೋ ಸಿರಿಂಜ್ ಸಾಕು. ಮಿಕ್ಸ್ ಕೂಡ ಹದಿನೈದು ಇಪ್ಪತ್ತು ದಿನಕ್ಕೆ ಬೇಕಾದಷ್ಟೇ ಮಾಡ್ಕೊಳಿ. ಮೇಲೆ ಸಕಲೇಶಪುರದವರಿಗೆ ಹೇಳಿದ ನೀರಿನ ಪದರ ಇದ್ಯಲ್ಲ, ಅದರಲ್ಲಿ ಎಣ್ಣೆ ಇರಲ್ಲ, ಎಣ್ಣೆ ಮೇಲಿನ ಪೆಟ್ರೋಲಲ್ಲೇ ಉಳಿಯತ್ತೆ. ಟ್ಯಾಂಕ್ ಒಳಗಿನ ಫಿಲ್ಟರ್ ತೂಕಕ್ಕೆ ತಳದಲ್ಲೇ ಮಲಗಿರೋದ್ರಿಂದ ಸರಿಯಾಗಿ ಬೆರೆಸಿಟ್ಟ ಪೆಟ್ರೋಲೂ ಹಳೇದಾದ್ರೆ ಇದೇ ಗತಿ ತರಬಹುದು.

ಪ್ರಶ್ನೆ: ತಣ್ಣಗಿದ್ದಾಗ ಚೆನ್ನಾಗಿ ಸ್ಟಾರ್ಟ್ ಆಗತ್ತೆ, ಇಪ್ಪತ್ತು ನಿಮಿಷ ಹುಲ್ಲು ಹೊಡೆದ್ಮೇಲೆ ನಿಲ್ಲತ್ತೆ, ಆರೋವರೆಗೂ ಏಳಲ್ಲ. ಪುತ್ತೂರು.

ಉತ್ತರ: ನಿಂತ ತಕ್ಷಣ ಟ್ಯಾಂಕ್ ಮುಚ್ಚಳ ಸ್ವಲ್ಪ ಸಡಿಲ ಮಾಡಿ. ಸುಯ್ ಅಂತ ಗಾಳಿ ಒಳಗೆ ಹೋಗಿ, ಆಮೇಲೆ ಸ್ಟಾರ್ಟ್ ಆದ್ರೆ ಮುಚ್ಚಳದ ಗಾಳಿ ತೂತು ಕಟ್ಟಿದೆ, ಮುಚ್ಚಳ ತೊಳೆದ್ರೆ ಆಯ್ತು. ಆಗ್ಲಿಲ್ಲ ಅಂದ್ರೆ ಬಿಸಿ ಇರುವಾಗ್ಲೇ ಮಿಷನ್ನನ್ನ ಪೆಟ್ರೋಲಿಂದ ದೂರ ಇಟ್ಟು ಕಿಡಿ ನೋಡಿ. ಬಿಸಿಯಲ್ಲಿ ಕಿಡಿ ಇಲ್ಲ, ತಣ್ಣಗಾದ್ಮೇಲೆ ಬರತ್ತೆ ಅಂದ್ರೆ ಕಿಡಿಗೆ ಕರೆಂಟ್ ಕೊಡೋ ಇಗ್ನಿಷನ್ ಕಾಯಿಲ್ ಹೋಗ್ತಿದೆ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿರೋದು. ಪ್ರತೀ ಏಪ್ರಿಲಲ್ಲೂ ಲಾನ್ ಮೂವರ್ ತೆಗೆದಾಗ ಇದೇ ಗೋಳು. ಹೋದ ವರ್ಷ ಸ್ಟಾರ್ಟ್ ಆಯ್ತು, ಆದ್ರೆ ಬೇಲಿ ಪಕ್ಕದ ಕಲ್ಲಿಗೆ ಬ್ಲೇಡ್ ಬಡಿದು ನಿಂತೋಯ್ತು. ಈಗ ಹಗ್ಗ ಎಳೆದ್ರೆ ಕೈನೇ ಕಿತ್ಕೊಳೋ ಹಾಗೆ ಹಿಂದಕ್ಕೆ ಎಳೆಯತ್ತೆ.

ಉತ್ತರ: ಕೈ ಹಿಂದಕ್ಕೆ ಎಳೆಯತ್ತೆ ಅಂದಿದ್ದಕ್ಕೆ ಮೊದ್ಲು ಉತ್ತರ, ಇನ್ನು ಎಳೀಬೇಡಿ, ಮಣಿಕಟ್ಟು ಉಳುಕತ್ತೆ. ಇಂಜಿನ್ ಮೇಲಿನ ಭಾರದ ಚಕ್ರ ಫ್ಲೈವೀಲನ್ನೂ, ಬ್ಲೇಡ್ ತಿರುಗಿಸೋ ಕ್ರ್ಯಾಂಕನ್ನೂ ಸರಿಯಾದ ಜಾಗದಲ್ಲಿ ಹಿಡಿದಿಡೋ ಒಂದು ಸಣ್ಣ ಮೆತ್ತನೆ ಲೋಹದ ಕೀ ಇದೆ. ಬ್ಲೇಡ್ ಕಲ್ಲಿಗೆ ಬಡಿದಾಗ ಅದು ಕತ್ತರಿಸತ್ತೆ ಇಲ್ಲ ಹೊರಳತ್ತೆ, ಕಿಡಿ ತಪ್ಪು ಹೊತ್ತಿಗೆ ಬೀಳತ್ತೆ. ಕೀ ಅಗ್ಗದ್ದು, ಅದನ್ನ ಬದಲಾಯಿಸಿದ್ರೆ ಟೈಮಿಂಗ್ ಸರಿ ಹೋಗತ್ತೆ. ಜೊತೆಗೆ ಬ್ಲೇಡ್ ಸೊಟ್ಟ ಆಗಿದ್ಯಾ, ಕ್ರ್ಯಾಂಕ್ ತುದಿ ಬಾಗಿದ್ಯಾ ನೋಡಿಸಿ, ಬಾಗಿದ್ರೆ ಆ ಮಿಷನ್ ಓಡಿಸೋದೇ ಬೇಡ. ಬ್ಲೇಡ್ ಹತ್ರ ಕೈ ಹಾಕೋ ಮುಂಚೆ ಪ್ಲಗ್ ಕ್ಯಾಪ್ ಕಿತ್ತು ದೂರ ಇಡಿ. ಮಿಷನ್ ವಾಲಿಸೋದಾದ್ರೆ ಏರ್ ಫಿಲ್ಟರ್ ಇರೋ ಕಡೆ ಮೇಲಕ್ಕೆ ಬರ್ಲಿ, ಇಲ್ದಿದ್ರೆ ಆಯಿಲ್ ಫಿಲ್ಟರಿಗೆ ಇಳಿಯತ್ತೆ.

ಏಪ್ರಿಲ್ ಗೋಳಿಗೆ ಔಷಧಿ ನವೆಂಬರಲ್ಲೇ ಕೊಡ್ಬೇಕು. ನಿಮ್ಮಲ್ಲಿ ಪೆಟ್ರೋಲಲ್ಲಿ ಸಾಮಾನ್ಯವಾಗಿ 10 ಪರ್ಸೆಂಟ್ ಎಥನಾಲ್. ಕೊನೇ ಸಲ ಹುಲ್ಲು ಕತ್ತರಿಸಿದ ದಿನ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗೇ ನಿಲ್ಲೋವರೆಗೂ ಓಡಿಸಿ ಕಾರ್ಬೊರೇಟರ್ ಒಣಗಿಸಿ. ಅದು ತಣ್ಣಗಾದ್ಮೇಲೆ ಪ್ಲಗ್ ತೆಗೆದು ಒಂದು ಟೀ ಚಮಚ ಇಂಜಿನ್ ಆಯಿಲ್ ಬಿಟ್ಟು, ಹಗ್ಗ ನಿಧಾನಕ್ಕೆ ಎರಡು ಸಲ ಎಳೆದು ಪ್ಲಗ್ ಹಾಕಿಡಿ. ಏಪ್ರಿಲಲ್ಲಿ ಹೊಸ ಪೆಟ್ರೋಲ್ ಹಾಕಿ ಸ್ಟಾರ್ಟ್ ಮಾಡಿದಾಗ ಒಂದು ನಿಮಿಷ ಬಿಳೀ ಹೊಗೆ ಬರತ್ತೆ, ಅದು ಆ ಚಮಚದ ಆಯಿಲ್ಲೇ, ಗಾಬರಿ ಆಗ್ಬೇಡಿ.